ಬಾಲ್ಕನಿಗೆ ಕಟ್ಟಿದ ಚುಕ್ಕಾಣಿ

ದೋಣಿ ಪಂದ್ಯದ ಬಾವುಟ ಗೆದ್ದ ಮರುದಿನ ನಮ್ಮೂರು ಮುಂದಾರೊದಲ್ಲಿ ಯಾರೂ ಬೇಗ ಏಳುವುದಿಲ್ಲ. ಏಳುವವರು ದೋಣಿಯ ಹೆಂಗಸರು ಮಾತ್ರ. ಊರಿಗೆ ಊರೇ ಸೇಬಿನ ಮದ್ಯದ ಮಂಪರಿನಲ್ಲಿ ಬಿದ್ದುಕೊಂಡಿರುವಾಗ ಹುಟ್ಟು ಹಾಕುವ ಹದಿಮೂರು ಜನವೂ ಬಂದರಿನ ದೋಣಿಮನೆಗೆ ಬಂದು, ತಮ್ಮ ತಮ್ಮ ಮೆತ್ತೆಗಳನ್ನು ದೋಣಿಯಿಂದ ಎತ್ತಿಕೊಂಡು ಹೋಗಬೇಕು. ಹಲಗೆಯ ಮೇಲೆ ಕೂತು ಹುಟ್ಟು ಎಳೆಯುವಾಗ ಚರ್ಮ ಕಿತ್ತು ಬರದಿರಲೆಂದು ಪ್ರತಿಯೊಬ್ಬಳೂ ಕೈಯಾರೆ ಹೊಲಿದುಕೊಂಡ ಮೆತ್ತೆ ಅದು. ಒಬ್ಬಳದು ಹಳೆಯ ಈಜುಡುಪಿನ ಬಟ್ಟೆಯದು, ಇನ್ನೊಬ್ಬಳದು ಅಜ್ಜಿಮನೆಯ ಪರದೆಯದು. ಮೆತ್ತೆ ಎತ್ತಿದಳೆಂದರೆ ಅವಳ ಜಾಗ ಖಾಲಿಯಾಯಿತು ಎಂದೇ ಲೆಕ್ಕ. ನಿನ್ನೆ ಬಾವುಟ ಗೆದ್ದುಕೊಟ್ಟ ಮಹಾರಾಣಿಯಾದರೂ ಸರಿ, ಚಳಿಗಾಲವಿಡೀ ಬೆವರು ಸುರಿಸಿ ಆ ಜಾಗವನ್ನು ಹೊಸದಾಗಿ ಗಿಟ್ಟಿಸಿಕೊಳ್ಳಬೇಕು.

ಈ ಕಟ್ಟಳೆಯನ್ನು ತಂದವಳು ನೆಕಾನೆ. ದೋಣಿಯ ಹಿಂಬದಿಯಲ್ಲಿ ನಿಂತು ಚುಕ್ಕಾಣಿ ಹಿಡಿಯುವವಳು. ಒಂದು ಕಾಲದಲ್ಲಿ ಮುಂದಾರೊ ದೋಣಿ ಎಲ್ಲ ಪಂದ್ಯದಲ್ಲೂ ಕೊನೆಗೆ ಬರುತ್ತಿತ್ತು. ಪಕ್ಕದೂರು ಸರೋಬೆಯವರು ಗೆದ್ದು, ದೋಣಿ ತೊಳೆದು, ಕಾಫಿ ಕುಡಿದು ಮುಗಿಸುವ ಹೊತ್ತಿಗೆ ನಾವು ದಡ ಸೇರುತ್ತಿದ್ದೆವು. ಆಗಿನ ಹೆಂಗಸರಿಗೋ ದೋಣಿಯ ಜಾಗವೆಂದರೆ ಅಪ್ಪನ ಮನೆಯ ಆಸ್ತಿ. ಬಂದರೆ ಬಂದಳು, ಇಲ್ಲದಿದ್ದರೆ ಇಲ್ಲ, ಜಾಗ ಮಾತ್ರ ಅವಳದೇ. ಒಂದು ದಿನ ನೆಕಾನೆಗೆ ತಲೆ ಕೆಟ್ಟುಹೋಯಿತು. ಅಷ್ಟೂ ಮೆತ್ತೆಗಳನ್ನು ಕಿತ್ತು ಬಂದರಿನ ಇಳಿಜಾರಿನ ಮೇಲೆ ಎಸೆದಳು. "ಇವತ್ತಿಂದ ಯಾರ ಜಾಗವೂ ಯಾರದ್ದೂ ಅಲ್ಲ. ಬೇಕಾದ್ರೆ ಗಳಿಸ್ಕೊಳ್ಳಿ. ಇನ್ನೊಂದು ಮಾತು, ನಿಮ್ಮ ಜಾಗ ಬೇಕು ಅಂತ ಯಾರಾದ್ರೂ ಬಂದು ಕಲಿಸಿ ಅಂದ್ರೆ, ಬಾಯಿ ಮುಚ್ಕೊಂಡು ಕಲಿಸ್ಬೇಕು" ಎಂದಳು. ಅರ್ಧಕ್ಕರ್ಧ ಜನ ಬೈದುಕೊಂಡು ದೋಣಿ ಬಿಟ್ಟರು. ಉಳಿದವರೇ ಬೀಜದ ಕಾಳಾದರು. ಈಗ ಸೆಪ್ಟೆಂಬರಿನ ದೊಡ್ಡ ಬಾವುಟ ಸತತ ನಾಲ್ಕನೆಯ ವರ್ಷವೂ ನಮ್ಮೂರಿನಲ್ಲೇ ಇತ್ತು.

ಆ ಬೆಳಿಗ್ಗೆ ನೆಕಾನೆ ಎಂದಿನಂತೆ ಕೈಕಟ್ಟಿ, ಮದುವೆಮನೆಯ ಪಾತ್ರೆ ಎಣಿಸುವ ಅತ್ತೆಯ ಹಾಗೆ ನಿಂತಿದ್ದಳು. ಒಬ್ಬೊಬ್ಬಳೂ ಬಂದು ಮೆತ್ತೆ ಎತ್ತಿಕೊಂಡಳು. ಕೊನೆಗೆ ಬಂದವಳು ಐನಿಸೆ, ದೋಣಿಯ ಮೂತಿಯಲ್ಲಿ ಕೂರುವ ಹುಡುಗಿ. ಹಕ್ಕಿಯಂಥ ಮೈ, ಬಾಯಿ ಮಾತ್ರ ಬೊಂಬಾಯಿ. ತನ್ನ ಕೆಂಪು ಮೆತ್ತೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದೋಣಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಅಕ್ಕಾ, ನಿಮ್ದೆಲ್ಲಿ?"

"ನಂದೇನೇ?"

"ಮೆತ್ತೆ."

"ನಾನು ನಿಂತ್ಕೊಳ್ಳೋಳು ಕಣೇ. ನನಗೆಲ್ಲಿಂದ ಬರುತ್ತೆ ಮೆತ್ತೆ?"

ಎಲ್ಲರೂ ನಕ್ಕರು. ಐನಿಸೆ ನಗಲಿಲ್ಲ. "ಹಂಗಾದ್ರೆ ನಿಮ್ಮ ಜಾಗ ಇವತ್ತಿನವರೆಗೂ ಖಾಲಿ ಆಗೇ ಇಲ್ಲ ಅಂತಾಯ್ತು" ಎಂದಳು.

ನಗು ನಿಂತುಹೋಯಿತು. ಎಲ್ಲರಿಗೂ ನೆನಪಾದದ್ದು ಹಿಂದಿನ ದಿನದ ತಿರುವು. ಪಂದ್ಯವೆಂದರೆ ಇಷ್ಟೇ: ಸಮುದ್ರದೊಳಗಿನ ತೇಲುಬುರುಡೆಯವರೆಗೆ ಹೋಗುವುದು, ಅದನ್ನು ಸುತ್ತಿಕೊಂಡು ವಾಪಸು ಬರುವುದು. ಉದ್ದನೆಯ ದೋಣಿಯನ್ನು ಆ ಬುರುಡೆಯ ಸುತ್ತ ಎಷ್ಟು ಬಿಗಿಯಾಗಿ ತಿರುಗಿಸುತ್ತೀರಿ ಎನ್ನುವುದರಲ್ಲೇ ಅರ್ಧ ಪಂದ್ಯ ಇರುತ್ತದೆ. ನಿನ್ನೆ ನೆಕಾನೆಯ ತಿರುವು ಅಗಲವಾಗಿ ಹೋಗಿತ್ತು. ಕೈಯಲ್ಲಿದ್ದ ಮುನ್ನಡೆ ಕರಗಿ, ಕೊನೆಗೆ ಮೂಗಿನ ಉದ್ದದಲ್ಲಿ ಗೆದ್ದರು. ಬಾವುಟದ ಗದ್ದಲದಲ್ಲಿ ಯಾರೂ ಆ ಮಾತೆತ್ತಿರಲಿಲ್ಲ. ನೆಕಾನೆಯಂತೂ ತನಗೆ ತಾನೇ ಗಾಳಿಯ ನೆಪ ಹೇಳಿಕೊಂಡಿದ್ದಳು.

ಅವಳ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. "ಓಹೋ! ಖಾಲಿ ಆಗ್ಬೇಕಾ? ತಗೋ, ಖಾಲಿ!" ಎಂದವಳೇ ಚುಕ್ಕಾಣಿಯ ಹಗ್ಗ ಬಿಚ್ಚಿ, ಆಳೆತ್ತರದ ಮೂರು ಪಟ್ಟು ಉದ್ದದ ಆ ಹುಟ್ಟನ್ನು ಹೆಗಲಿಗೇರಿಸಿ ಹೊರಟೇಬಿಟ್ಟಳು.

ಮುಂದಾರೊದ ಬೀದಿಗಳು ಅಂಕುಡೊಂಕು. ಚರ್ಚಿನ ಮೂಲೆಯಲ್ಲಿ ತಿರುಗುವಾಗ ಚುಕ್ಕಾಣಿಯ ಹಿಂಬದಿ ರೊಟ್ಟಿ ಅಂಗಡಿಯ ಬೋರ್ಡಿಗೆ ಬಡಿಯಿತು. ಮನೆ ಮುಟ್ಟುವ ಹೊತ್ತಿಗೆ ಊರಿನ ಅರ್ಧ ಕಿಟಕಿಗಳು ತೆರೆದಿದ್ದವು. ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲಲ್ಲಿ ಚುಕ್ಕಾಣಿ ಹೋಗಬೇಕಲ್ಲ? ಅಡ್ಡ ಹಿಡಿದಳು, ಉದ್ದ ಹಿಡಿದಳು, ಊಹೂಂ. ಕೊನೆಗೆ ಗಂಡ ಪೆಯೊ ಒಳಂಗಿಯಲ್ಲೇ ಬಾಲ್ಕನಿಗೆ ಬಂದು ಹಗ್ಗ ಇಳಿಬಿಟ್ಟ.

"ಏನೇ ಇದು? ಬಾವುಟ ತರ್ತಾರೆ ಅಂತ ಕೇಳಿದ್ದೆ, ಚುಕ್ಕಾಣಿ ತಂದೋರನ್ನ ಇವತ್ತೇ ನೋಡಿದ್ದು."

"ಎಳೀತೀಯೋ ಇಲ್ವೋ?"

ಚುಕ್ಕಾಣಿ ತೂಗಾಡುತ್ತ ಮೇಲೇರುವಾಗ ಎರಡನೇ ಮಹಡಿಯ ಮುದುಕಿ ಬೆನಿತಾಳ ಒಗೆದ ಬಟ್ಟೆಗಳನ್ನೆಲ್ಲ ಸವರಿಕೊಂಡು ಹೋಯಿತು. "ನನ್ನ ಹಾಸಿಗೆ ಬಟ್ಟೆ! ನಿನ್ನ ದೋಣಿಗೆ ಸಿಡಿಲು ಬಡೀಲಿ!" ಎಂದು ಬೆನಿತಾ ಕೂಗಿದಳು. ಬಾಲ್ಕನಿಯ ಕಂಬಿಗೆ ಉದ್ದಕ್ಕೆ ಕಟ್ಟಿದರೂ ಅದು ಎರಡೂ ಕಡೆ ಹೊರಗೆ ಚಾಚಿಕೊಂಡೇ ಇತ್ತು. ಬಂದರಿನಲ್ಲಿ ಎಲ್ಲಿ ನಿಂತು ನೋಡಿದರೂ ಕಾಣುತ್ತಿತ್ತು.

ನಿಜ ಹೇಳಬೇಕೆಂದರೆ ನೆಕಾನೆ ಅಂದುಕೊಂಡದ್ದೇ ಬೇರೆ. ಎರಡು ದಿನದಲ್ಲಿ ಐನಿಸೆ ಒಂದು ಕೇಕು ಹಿಡಿದುಕೊಂಡು ಬಂದು, ತಪ್ಪಾಯ್ತಕ್ಕಾ ಅನ್ನುತ್ತಾಳೆ, ತಾನು ಸ್ವಲ್ಪ ಗುರುಗುಟ್ಟಿ ಚುಕ್ಕಾಣಿ ಕೆಳಗಿಳಿಸುತ್ತೇನೆ, ಅಲ್ಲಿಗೆ ಮುಗಿಯಿತು. ಆದರೆ ಬಂದವನು ತರಬೇತುದಾರ ಇಮಾನೊಲ್. ಮಾತಿಗೆ ಬಡವ. ಬಂದ, ಕೂತ, ಪೆಯೊ ಕೊಟ್ಟ ಹುರುಳಿ ಸಾರನ್ನು ಎರಡು ಬಟ್ಟಲು ಹೊಡೆದ, ಬಾಲ್ಕನಿಯ ಕಡೆ ನೋಡಿದ.

"ಒಳ್ಳೇದಾಯ್ತು" ಎಂದ.

"ಏನೊಳ್ಳೇದು?"

"ಚುಕ್ಕಾಣಿ ಜಾಗವೂ ಖಾಲಿ ಆಯ್ತಲ್ಲ. ಮಾರ್ಚಿನಲ್ಲಿ ಪರೀಕ್ಷೆ ಇಡ್ತೀನಿ. ನೀನು, ಐನಿಸೆ."

ನೆಕಾನೆ ಸಿಟ್ಟಿನ ಭರದಲ್ಲಿ ಮಾಡಿದ್ದನ್ನು ಊರು ನಿಯಮವೆಂದು ಓದಿಕೊಂಡಿತ್ತು. ಇಲ್ಲ ಎನ್ನುವುದಾದರೂ ಹೇಗೆ? ಎಷ್ಟು ಹೆಂಗಸರು ಅವಳ ಮುಂದೆಯೇ ಅಳುತ್ತ ಮೆತ್ತೆ ಎತ್ತಿಕೊಂಡು ಹೋಗಿ, ಮತ್ತೆ ತಂದಿಡಲಾಗದೆ ಮನೆಯಲ್ಲಿ ಉಳಿದಿದ್ದರು! ಆಗೆಲ್ಲ ಅವಳು "ದೋಣಿ ದೊಡ್ಡದು ಕಣಮ್ಮಾ" ಎಂದು ಸಮಾಧಾನ ಹೇಳಿ ಕಳಿಸಿದ್ದಳು. ಈಗ ಆ ಮಾತು ಅವಳಿಗೇ ತಿರುಗಿ ಬಂದಿತ್ತು. ಹತ್ತೊಂಬತ್ತು ವರ್ಷದಿಂದ ಅವಳು ಆ ಹಿಂಬದಿಯ ಮೇಲೆ ನಿಂತಿದ್ದಳು. ಹಗಲೆಲ್ಲ ಮೀನಿನ ಕಾರ್ಖಾನೆಯಲ್ಲಿ ಸಣ್ಣ ಮೀನಿನ ಮುಳ್ಳು ಬಿಡಿಸುವ ಸಾಲು ಸಾಲು ಹೆಂಗಸರಲ್ಲಿ ಒಬ್ಬಳು. ಸಂಜೆ ದೋಣಿಯ ಮೇಲೆ ಮಾತ್ರ ಅವಳು ನೆಕಾನೆ. ಅದು ಹೋದರೆ ತಾನು ಯಾರು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಭಯವಾಯಿತು. ಸಮುದ್ರ ಯಾವತ್ತೂ ಹುಟ್ಟಿಸದಷ್ಟು ಭಯ.

ಸಾಲದ್ದಕ್ಕೆ ಮುಂದಿನ ವಾರ ಐನಿಸೆಯೂ ಬಂದಳು. ಕೈಯಲ್ಲಿ ಕೇಕು ಇರಲಿಲ್ಲ.

"ಅಕ್ಕಾ, ತಿರುವು ಕಲಿಸಿ."

"ಏನಂದೆ?"

"ಬುರುಡೆ ಹತ್ರ ದೊಡ್ಡ ಅಲೆ ಬಂದಾಗ ದೋಣಿಯ ಮೂತಿ ಎಳ್ಕೊಂಡು ಹೋಗುತ್ತಲ್ಲ, ಅದನ್ನ ಹೆಂಗೆ ಹಿಡೀತೀರಾ ಅಂತ. ಜಾಗ ಬೇಕು ಅಂತ ಬಂದೋರಿಗೆ ಕಲಿಸ್ಬೇಕು ಅಂತ ನೀವೇ ಅಲ್ವಾ ಹೇಳಿದ್ದು?"

"ನಿನ್ನ ನಾಲಿಗೆಗೆ ಮೂಳೆ ಅನ್ನೋದೇ ಇಲ್ಲ ಕಣೇ" ಎಂದಳು ನೆಕಾನೆ. ಅಡುಗೆಮನೆಯಲ್ಲಿ ಪೆಯೊ ನಗುವುದು ಕೇಳಿಸಿತು. ಅವನಿಗೂ ಒಂದು ಬೈಗುಳ ಬಿತ್ತು. ಭಾನುವಾರ ಬೆಳಿಗ್ಗೆ ಇಬ್ಬರೂ ಪೆಯೊನ ಪುಟ್ಟ ದೋಣಿ ಹತ್ತಿ ಬಂದರಿನ ಬಾಯಿಯಿಂದ ಆಚೆ ಹೋದರು.

ಚಳಿಗಾಲವಿಡೀ ಭಾನುವಾರಗಳು ಹಾಗೇ ಕಳೆದವು. ನೆಕಾನೆ ಕಲಿಸುತ್ತಿದ್ದ ರೀತಿ ಕೇಳಿದರೆ ಮೀನುಗಳೂ ಕಿವಿ ಮುಚ್ಚಿಕೊಳ್ಳಬೇಕು. "ಅದೇನು ಸೌಟಾ? ಸಾರು ತಿರುಗಿಸ್ತಿದ್ದೀಯಾ? ಊರು, ಊರೇ ಅದನ್ನ!" ಬೈಯುತ್ತಲೇ ಕಲಿಸಿದಳು, ಕಲಿಸುತ್ತಲೇ ಬೈದಳು. ಒಂದೇ ಒಂದು ವಿಷಯವನ್ನು ಮಾತ್ರ ಬಹಳ ದಿನ ಗಂಟಲಲ್ಲೇ ಇಟ್ಟುಕೊಂಡಿದ್ದಳು. ದೊಡ್ಡ ಅಲೆ ಹೋದ ಮೇಲೆ ಕಲ್ಲಿನ ಒಡ್ಡಿಗೆ ಬಡಿದು ಸಣ್ಣದೊಂದು ಅಲೆ ತಿರುಗಿ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಂಗಾಲಿಗೆ ತಿಳಿಯುತ್ತದೆ. ಅದರ ಬೆನ್ನ ಮೇಲೆ ತಿರುಗಿದರೆ ದೋಣಿ ತಾನಾಗಿ ಸುತ್ತುತ್ತದೆ. ಇದನ್ನು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಐನಿಸೆಗಂತೂ ಇನ್ನೂ ಹತ್ತು ವರ್ಷ ಗೊತ್ತಾಗುವುದಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ, ಹುಡುಗಿಯ ಬೆರಳುಗಳು ಚಳಿಗೆ ನೀಲಿಗಟ್ಟಿದ್ದರೂ "ಇನ್ನೊಂದ್ಸಲ ಅಕ್ಕಾ" ಎಂದಾಗ, ನೆಕಾನೆಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. "ಥೂ" ಎಂದಳು.

"ಏನಾಯ್ತು? ತಪ್ಪು ಮಾಡಿದ್ನಾ?"

"ನೀನಲ್ಲ. ಬೂಟು ಬಿಚ್ಚು. ಬರಿಗಾಲಲ್ಲಿ ನಿಂತ್ಕೊ. ಅಲೆ ಹೋಗ್ಲಿ... ಈಗ ಸುಮ್ನಿರು... ಬಂತಾ?"

ಐನಿಸೆಯ ಕಣ್ಣು ಅಗಲವಾಯಿತು. "ಬಂತಕ್ಕಾ!"

ಅವಳು ತಿರುಗಿಸಿದಳು. ನೆಕಾನೆ ಅದನ್ನು ನೋಡಿದಳು. ತನಗಿಂತ ಒಂದು ಉಸಿರು ಮೊದಲೇ ಹುಡುಗಿಯ ಹುಟ್ಟು ನೀರಿಗಿಳಿದಿತ್ತು. ಆ ದಿನ ಮಧ್ಯಾಹ್ನ ಪೆಯೊ ಮಾಡಿದ್ದ ಉಪ್ಪುಮೀನನ್ನು ಅವಳು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಮಾರ್ಚಿನಲ್ಲಿ, ದೋಣಿಮನೆಯಲ್ಲಿದ್ದ ಹಳೆಯ ಚುಕ್ಕಾಣಿಯೊಂದರಿಂದ ಪರೀಕ್ಷೆಯಾಯಿತು. ಮೂತಿಯಲ್ಲಿ ಇಬ್ಬರಿಗೂ ಒಬ್ಬಳೇ ಹೊಸ ಹುಡುಗಿಯನ್ನು ಕೂರಿಸಿದ್ದ ಇಮಾನೊಲ್, ಯಾರಿಗೂ ಅನ್ಯಾಯವಾಗಬಾರದೆಂದು. ನೆಕಾನೆ ಜೀವ ಪಣಕ್ಕಿಟ್ಟು ನಡೆಸಿದಳು. ಇತ್ತೀಚಿನ ವರ್ಷಗಳಲ್ಲಿ ಅವಳು ಅಷ್ಟು ಚೆನ್ನಾಗಿ ತಿರುಗಿಸಿರಲೇ ಇಲ್ಲ, ಅದು ದಡದಲ್ಲಿದ್ದವರಿಗೂ ಗೊತ್ತಾಯಿತು. ಐನಿಸೆ ಅದಕ್ಕಿಂತ ಚೆನ್ನಾಗಿ ತಿರುಗಿಸಿದಳು. ಇಮಾನೊಲ್ ಗಡಿಯಾರವನ್ನು ನೆಕಾನೆಯ ಮುಂದೆ ಹಿಡಿದ. ಅವಳು ನೋಡಿ ತಲೆಯಾಡಿಸಿದಳು. ಐನಿಸೆಯ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಚೆನ್ನಾಗಿತ್ತು ಕಣೇ ಕತ್ತೆ" ಎಂದಳು. ಆಮೇಲೆ ದೋಣಿಮನೆಯ ಹಿಂದೆ, ಬಲೆ ಒಣಹಾಕುವ ಜಾಗಕ್ಕೆ ಹೋಗಿ, ಯಾರಿಗೂ ಕೇಳಿಸದ ಹಾಗೆ ಅತ್ತಳು.

ಚುಕ್ಕಾಣಿಯನ್ನು ಬಾಲ್ಕನಿಯಿಂದ ಇಳಿಸುವಾಗ ಬೆನಿತಾ ಕೆಳಗಿನಿಂದ ನೋಡುತ್ತಿದ್ದಳು. ಆ ಮುದುಕಿಗೂ ಬೈಯಲು ಮನಸ್ಸಾಗಲಿಲ್ಲ.

ಪರೀಕ್ಷೆಯಾದ ನಾಲ್ಕನೆಯ ದಿನ ಪೆಯೊ ಮೀನು ಕೊಯ್ಯುತ್ತ, ಯಾರಿಗೋ ಹೇಳುವವನಂತೆ ಹೇಳಿದ: "ಐನಿಸೆ ಹಿಂದಕ್ಕೆ ಹೋದ್ಲು. ಹಂಗಾದ್ರೆ ಮೂತಿ ಜಾಗ ಖಾಲಿ."

"ಅದಕ್ಕೇನೀಗ?"

"ಏನಿಲ್ಲ. ನನ್ನನ್ನ ಮದುವೆ ಆಗೋವಾಗ ಒಬ್ಬಳು ಮೂತೀಲಿ ಕೂತ್ಕೊಂಡು ಹುಟ್ಟು ಹಾಕ್ತಿದ್ಲು. ಅವಳು ನೆನಪಾದ್ಲು."

"ನನಗೆ ನಲವತ್ತನಾಲ್ಕು ಕಣೋ."

"ಸಮುದ್ರ ಏನು ಜನ್ಮಪತ್ರ ಕೇಳುತ್ತಾ?"

ನೆಕಾನೆ ಎದ್ದು ಕೋಣೆಗೆ ಹೋದಳು. ಅರ್ಧ ಗಂಟೆಯ ಮೇಲೆ ಪೆಯೊ ಇಣುಕಿ ನೋಡಿದರೆ, ಅವನ ಒಳ್ಳೆಯ ಉಣ್ಣೆಯ ಪ್ಯಾಂಟು ಎರಡು ತುಂಡಾಗಿ ಮಂಚದ ಮೇಲೆ ಬಿದ್ದಿತ್ತು. ಹೆಂಡತಿ ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಮೆತ್ತೆ ಹೊಲಿಯುತ್ತಿದ್ದಳು. "ಅಯ್ಯಯ್ಯೋ, ಅದು ಮದುವೆಮನೆ ಪ್ಯಾಂಟು ಕಣೇ!" ಎಂದ ಪೆಯೊ. "ನೀನೇ ತಾನೇ ನೆನಪು ಮಾಡಿದ್ದು" ಎಂದಳು ಅವಳು.

ಮೆತ್ತೆ ಹಿಡಿದು ದೋಣಿಮನೆಗೆ ಹೋದಾಗ ಇಮಾನೊಲ್ ಅವಳ ಮುಖ ನೋಡಿದ, ಮೆತ್ತೆ ನೋಡಿದ. "ಇನ್ನಿಬ್ಬರು ಹುಡುಗೀರು ಕೇಳಿದ್ದಾರೆ" ಎಂದ. "ಕೇಳ್ಲಿ. ನನಗೇನು ದಾನ ಕೊಡ್ಬೇಡ" ಎಂದಳು ನೆಕಾನೆ.

ದಾನ ಯಾರೂ ಕೊಡಲಿಲ್ಲ. ಅಂಗೈ ಒಡೆದು ರಕ್ತ ಬಂತು, ಸೊಂಟ ಹಿಡಿದುಕೊಂಡಿತು, ಬೆಳಿಗ್ಗೆ ಪೆಯೊ ಕೈಹಿಡಿದು ಮಂಚದಿಂದ ಎಬ್ಬಿಸಬೇಕಾಯಿತು. ಕಾರ್ಖಾನೆಯಲ್ಲಿ ಉಪ್ಪುನೀರು ಗಾಯಕ್ಕೆ ತಾಗಿದಾಗ ಅವಳು ಹಾಕಿದ ಶಾಪಗಳಿಗೆ ಮೇಸ್ತ್ರಿಯೇ ಬೆಚ್ಚಿಬಿದ್ದ. ಮೊದಮೊದಲು ಆ ಇಬ್ಬರು ಹುಡುಗಿಯರು ಅವಳನ್ನು ಸಲೀಸಾಗಿ ಸೋಲಿಸಿದರು. ಅವಳು ಅವರ ಹತ್ತಿರವೇ ಹೋಗಿ "ಹೆಂಗೆ ಎಳೀತೀಯ, ತೋರ್ಸೇ" ಎಂದು ಕೇಳಿದಳು. ಅವರು ನಾಚಿಕೊಂಡೇ ತೋರಿಸಿದರು. ಕಲಿಯುವ ಸರದಿ ಬಂದಾಗ ಬಾಯಿ ಮುಚ್ಚಿಕೊಳ್ಳುವುದು ಕಲಿಸುವುದಕ್ಕಿಂತ ಕಷ್ಟ ಎಂದು ಅವಳಿಗೆ ಆಗ ಗೊತ್ತಾಯಿತು.

ಜೂನಿನ ಮೊದಲ ಪಂದ್ಯದ ಬೆಳಿಗ್ಗೆ ಇಮಾನೊಲ್ ಒಂದೊಂದೇ ಮೆತ್ತೆಯನ್ನು ಹಲಗೆಗಳ ಮೇಲೆ ಇಡುತ್ತ ಬಂದ. ಕೊನೆಗೆ ಉಳಿದದ್ದು ಮೂತಿ. ಅವನು ಬೂದುಬಣ್ಣದ ಉಣ್ಣೆಯ ಮೆತ್ತೆಯನ್ನು ಎತ್ತಿ, ಧೂಳು ಕೊಡವಿ, ಅಲ್ಲಿಟ್ಟ. ದೋಣಿಮನೆಯಲ್ಲಿ ಎದ್ದ ಕೂಗು ಮೀನು ಮಾರುಕಟ್ಟೆಯವರೆಗೂ ಕೇಳಿಸಿತಂತೆ. ನೆಕಾನೆ ಮಾತ್ರ "ಸಾಕು ನಿಲ್ಸ್ರೇ, ಹೊತ್ತಾಯ್ತು" ಎಂದು ಗದರಿದಳು.

ಸೆಪ್ಟೆಂಬರ್ ಬಂತು. ಐದನೆಯ ಬಾವುಟ. ಸರೋಬೆಯವರು ಆ ವರ್ಷ ಹಲ್ಲು ಕಚ್ಚಿಕೊಂಡು ಬಂದಿದ್ದರು. ದಡದಲ್ಲಿ ಅವರ ಜನ, "ಮುಂದಾರೊ ಅಜ್ಜಿ, ಮೊಮ್ಮಕ್ಕಳನ್ನ ಕರ್ಕೊಂಡು ಬಂದ್ಯಾ?" ಎಂದು ಕೂಗಿದರು. "ನಿಮ್ಮನ್ನ ಮಲಗಿಸೋಕೆ ಬಂದೆ ಕಣ್ರೋ!" ಎಂದು ನೆಕಾನೆ ತಿರುಗಿ ಕೂಗಿದಳು.

ಹುಟ್ಟು ಹಾಕುವವರು ಹಿಂಬದಿಗೆ ಮುಖ ಮಾಡಿ ಕೂರುತ್ತಾರೆ. ಹತ್ತೊಂಬತ್ತು ವರ್ಷ ಈ ಹೆಂಗಸರ ಮುಖಗಳನ್ನೇ ನೋಡಿದ್ದ ನೆಕಾನೆಗೆ ಈಗ ಕಾಣುತ್ತಿದ್ದದ್ದು ಬೆವರಿದ ಬೆನ್ನುಗಳು. ಆ ಬೆನ್ನುಗಳೆಲ್ಲದರ ಆಚೆ, ದೋಣಿಯ ಇನ್ನೊಂದು ತುದಿಯಲ್ಲಿ, ಬರಿಗಾಲಲ್ಲಿ ನಿಂತಿದ್ದ ಐನಿಸೆಯ ಒಂದೇ ಒಂದು ಮುಖ.

ಪಂದ್ಯ ಶುರುವಾದಾಗಿನಿಂದಲೂ ಸರೋಬೆ ದೋಣಿ ಅರ್ಧ ಉದ್ದ ಮುಂದೆ. ಬುರುಡೆಯ ಹತ್ತಿರ ಬರುವ ಹೊತ್ತಿಗೂ ಅಷ್ಟೇ ಮುಂದೆ. ಸಮುದ್ರದ ಕಡೆಯಿಂದ ದೊಡ್ಡ ಅಲೆಯೊಂದು ಎದ್ದು ದೋಣಿಯನ್ನು ಎತ್ತಿ ಹಾಕಿತು. ಸರೋಬೆಯವರು ಆ ಅಲೆಯ ಮೇಲೆಯೇ ತಿರುಗಲು ಹೊರಟರು. ಐನಿಸೆ ಕೂಗಲಿಲ್ಲ. ನೆಕಾನೆಯ ಮನಸ್ಸು ಕೂಗಿತು: ಹೇಳೇ, ಹೇಳೇ, ಹೋಗ್ತಾ ಇದೆ! "ಈಗ" ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿ ಕುಣಿಯಿತು. ಅವಳು ಕೂಗಿದ್ದರೆ ಅರ್ಧ ದೋಣಿ ಆ ಹಳೆಯ ಗಂಟಲಿಗೆ ಓಗೊಟ್ಟು ತಿರುಗುತ್ತಿತ್ತು, ಇನ್ನರ್ಧ ತಿರುಗುತ್ತಿರಲಿಲ್ಲ, ಅಲ್ಲಿಗೆ ಎಲ್ಲ ನೀರುಪಾಲು. ತುಟಿ ಕಚ್ಚಿಕೊಂಡಳು. ಬಾಯಲ್ಲಿ ರಕ್ತದ ರುಚಿ ಬಂತು. ಹುಡುಗಿಯ ಮುಖವನ್ನೇ ನೋಡಿದಳು. ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು, ಅಂಗಾಲಿನಲ್ಲಿ ಕೇಳಿಸಿಕೊಳ್ಳುತ್ತಿದ್ದಳು.

"ಈಗ!" ಎಂದಳು ಐನಿಸೆ.

ಎಡಗಡೆಯವರು ಹುಟ್ಟು ಊರಿ ತಡೆದರು, ಬಲಗಡೆಯವರು ಎಳೆದರು. ನೆಕಾನೆ ಮೂತಿಯಲ್ಲಿ ಮಂಡಿಯೂರಿ, ಹುಟ್ಟನ್ನು ನೀರಿನಾಳಕ್ಕೆ ಇಳಿಸಿ, ನಲವತ್ತನಾಲ್ಕು ವರ್ಷದ ಮೈಯನ್ನೆಲ್ಲ ಅದರ ಮೇಲೆ ಹಾಕಿ ಎಳೆದಳು. ಒಡ್ಡಿನಿಂದ ತಿರುಗಿ ಬಂದ ಸಣ್ಣ ಅಲೆ ದೋಣಿಯ ಹೊಟ್ಟೆಗೆ ಹೆಗಲು ಕೊಟ್ಟಿತು. ಬುರುಡೆ ಅವಳ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಸುತ್ತಿ ಮುಗಿದಾಗ ಸರೋಬೆ ದೋಣಿ ಇನ್ನೂ ಅಗಲಕ್ಕೆ ಹೋಗಿ ತಿಣುಕುತ್ತಿತ್ತು. ನಮ್ಮ ಮೂತಿ ಊರಿನ ಕಡೆ ನೋಡುತ್ತಿತ್ತು.

"ಎಳೀರೇ ನನ್ನವ್ವಂದಿರಾ!" ಎಂದು ಐನಿಸೆ ಕಿರುಚಿದಳು. ಅದು ನೆಕಾನೆಯದೇ ಮಾತು. ಅವಳದೇ ದನಿಯ ಏರಿಳಿತ. ನೆಕಾನೆ ಅಳುತ್ತಲೇ ನಕ್ಕಳು, ನಗುತ್ತಲೇ ಎಳೆದಳು.

ಗೆದ್ದರು. ಮೂಗಿನ ಉದ್ದದಲ್ಲಲ್ಲ, ಎರಡು ದೋಣಿಗಳ ಉದ್ದದಲ್ಲಿ. ಹುಟ್ಟುಗಳೆಲ್ಲ ಆಕಾಶಕ್ಕೆ ನಿಂತವು, ದಡದಲ್ಲಿ ಜನ ಹುಚ್ಚೆದ್ದು ಬಟ್ಟೆಸಮೇತ ನೀರಿಗೆ ಹಾರಿದರು, ಪೆಯೊ ತನ್ನ ಟೋಪಿಯನ್ನು ಎಸೆದು ಕಳೆದುಕೊಂಡ. ಬಾವುಟ ಕೈಗೆ ಬಂದಾಗ ಐನಿಸೆ ಅದನ್ನು ಹಿಡಿದುಕೊಂಡು, ಹಲಗೆಗಳನ್ನು ದಾಟಿ ಮೂತಿಯವರೆಗೂ ಬಂದಳು.

"ನೀವು ಬೀಸಿ ಅಕ್ಕಾ. ಇದು ನಿಮ್ದು."

"ಯಾವೋಳೇ ನಿನಗೆ ಹೇಳಿದ್ದು? ಬಾವುಟ ಬೀಸೋದು ಚುಕ್ಕಾಣಿ ಹಿಡಿದೋಳ ಕೆಲಸ. ಹೋಗು, ನಿನ್ನ ಜಾಗಕ್ಕೆ ಹೋಗಿ ನಿಂತ್ಕೊ. ಕೈ ನೇರ ಹಿಡಿ. ಇನ್ನೂ ಮೇಲೆ!"

ಐನಿಸೆ ಹೋಗಿ ನಿಂತು ಬೀಸಿದಳು. ನೆಕಾನೆ ಮೂತಿಯಲ್ಲಿ ತನ್ನ ಮೆತ್ತೆಯ ಮೇಲೆ ಕೂತು ನೋಡಿದಳು. ಹಿಂದಿನ ನಾಲ್ಕು ಬಾವುಟಗಳಲ್ಲಿ ಯಾವುದೂ ಇಷ್ಟು ಚೆನ್ನಾಗಿ ಕಂಡಿರಲಿಲ್ಲ. ಅವನ್ನೆಲ್ಲ ಅವಳೇ ಹಿಡಿದಿದ್ದಳಲ್ಲ, ನೋಡಲು ಪುರುಸೊತ್ತೆಲ್ಲಿತ್ತು?

ಮರುದಿನ ಊರು ಮಲಗಿತ್ತು. ದೋಣಿಮನೆಯಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಮೆತ್ತೆ ಎತ್ತಿಕೊಂಡರು. ನೆಕಾನೆಯ ಸರದಿ ಬಂದಾಗ ಅವಳು ಬೂದು ಮೆತ್ತೆಯ ಉಪ್ಪು ಕೊಡವಿ, ಕಂಕುಳಲ್ಲಿಟ್ಟುಕೊಂಡಳು. ಯಾರೂ ಏನೂ ಹೇಳುವ ಮೊದಲೇ ಹಿಂಬದಿಯಲ್ಲಿ ಹಗ್ಗ ಬಿಚ್ಚುವ ಸದ್ದಾಯಿತು. ಐನಿಸೆ ಚುಕ್ಕಾಣಿಯನ್ನು ಹೆಗಲಿಗೇರಿಸುತ್ತಿದ್ದಳು.

"ಎಷ್ಟನೇ ಮಹಡಿನೇ ನಿಮ್ಮನೆ?" ಎಂದು ನೆಕಾನೆ ಕೇಳಿದಳು.

"ಐದು ಅಕ್ಕಾ."

"ಹಗ್ಗ ಉದ್ದದ್ದು ತಗೋ. ಕೆಳಗಿನ ಮನೆಯೋರಿಗೆ ಬಟ್ಟೆ ಎತ್ಕೊಳ್ಳೋಕೆ ಮೊದಲೇ ಹೇಳು."

ಹೆಂಗಸರ ನಗು ಹಿಂದಿನಿಂದ ಕೇಳಿಸುತ್ತಿರಲು ನೆಕಾನೆ ಮನೆಗೆ ಬಂದಳು. ಎರಡನೇ ಮಹಡಿಯಲ್ಲಿ ಬೆನಿತಾ ಗಾಬರಿಯಿಂದ ಒಗೆದ ಬಟ್ಟೆಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ಕಂಕುಳಲ್ಲಿ ಮೆತ್ತೆಯೊಂದನ್ನೇ ಇಟ್ಟುಕೊಂಡು ಬಂದವಳನ್ನು ಕಂಡು ನಿಂತಳು.

"ಈ ಸಲ ಆ ದರಿದ್ರ ಮರ ಇಲ್ವಾ?"

"ಇಲ್ಲ ಬೆನಿತಾ. ಇದು ಮೆಟ್ಟಿಲಲ್ಲಿ ಹಿಡಿಯುತ್ತೆ."

"ಅಂದ್ರೆ ನಿನ್ನ ಜಾಗ ಹೋಯ್ತಾ?"

"ಖಾಲಿ ಆಯ್ತು" ಎಂದಳು ನೆಕಾನೆ. ಆ ಮಾತು ಅವಳ ಬಾಯಿಂದ ಹಬ್ಬದ ಸುದ್ದಿಯ ಹಾಗೆ ಬಂತು. "ಎಲ್ಲರ ಹಾಗೇ. ಮಾರ್ಚಿಗೆ ಹೋಗಿ ಮತ್ತೆ ಕಿತ್ಕೋಬೇಕು."

ಸೊಂಟ ನೋಯುತ್ತಿತ್ತು. ಆದರೂ ಅವಳು ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು.